ಕಪನೂರಿನ ಫೈಬರ್ ಶೆಡ್‌ನಲ್ಲಿ ವಿಮಾನದ ವೀಲ್ ಪ್ಯಾಂಟ್: ಯಾವ ಕೆಲಸ ಕೊಡಬಹುದು, ಯಾವುದು ಕೊಡಬಾರದು

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿರುವ ಈ ತಗಡಿನ ಶೆಡ್‌ನವರು ವರ್ಷವಿಡೀ ಮಾಡುವುದು ಕೂಲರ್ ಬಾಡಿ, ನೀರಿನ ತೊಟ್ಟಿ, ಟ್ರ್ಯಾಕ್ಟರ್ ಮೇಲಿನ ಛಾವಣಿ. ಅವರಿಗೆ ಕೊಟ್ಟ ಕೆಲಸ ಬೇರೆ: ಮನೆಯಲ್ಲೇ ಕಟ್ಟುವ ಎರಡು ಸೀಟಿನ ವಿಮಾನದ ಎರಡು ಮುಖ್ಯ ಚಕ್ರಗಳಿಗೆ ಕವಚ, ಅಂದರೆ ವೀಲ್ ಪ್ಯಾಂಟ್. ಟಯರ್ 5.00-5 ಅಳತೆಯದು, ಸುಮಾರು 14 ಇಂಚು ವ್ಯಾಸ, 5 ಇಂಚು ಅಗಲ. ಕವಚ ಮುಂದಿನರ್ಧ, ಹಿಂದಿನರ್ಧ ಎಂದು ಎರಡು ತುಂಡು, ಒಟ್ಟು ಉದ್ದ ಸುಮಾರು ಒಂದು ಮೀಟರ್.

ತೀರ್ಪು ಮೊದಲೇ ಹೇಳಿಬಿಡಬಹುದು. ಮೌಲ್ಡ್ (ಅಚ್ಚು) ಮಾಡಿಸಲು ಕಣ್ಣು ಮುಚ್ಚಿ ಹೋಗಿ. ಶೆಲ್, ಅಂದರೆ ಕವಚದ ತೆಳು ಫೈಬರ್ ಮೈ, ಹಾಕಿಸುವುದಾದರೆ ಗ್ಲಾಸ್ ಬಟ್ಟೆ ನಿಮ್ಮದು, ಅದನ್ನು ನೆನೆಸಿ ಗಟ್ಟಿ ಮಾಡುವ ರೆಸಿನ್ ನಿಮ್ಮದು, ತಕ್ಕಡಿಯೂ ನಿಮ್ಮದೇ ಇರಬೇಕು. ವಿಮಾನಕ್ಕೆ ಕೂರಿಸುವ ಕೆಲಸವನ್ನು ಮಾತ್ರ ಯಾವ ಕಾರಣಕ್ಕೂ ಅವರಿಗೆ ಕೊಡಬೇಡಿ. ಅವರು ಒಲ್ಲೆ ಅನ್ನುವವರಲ್ಲ, ಅದೇ ಅಪಾಯ.

ಪ್ಯಾಂಟ್ ಯಾಕೆ ಬೇಕು ಎಂಬುದನ್ನು ಶೆಡ್‌ನ ಮೇಸ್ತ್ರಿಗೆ ಒಮ್ಮೆ ಸರಿಯಾಗಿ ವಿವರಿಸಿದರೆ ಮುಂದಿನ ಕೆಲಸ ಹಗುರಾಗುತ್ತದೆ. ಚಕ್ರ ಮಡಚದ ವಿಮಾನದಲ್ಲಿ ಟಯರ್, ಬ್ರೇಕ್, ಆಕ್ಸಲ್ ಎಲ್ಲವೂ ಗಾಳಿಗೆ ಮೈಯೊಡ್ಡಿರುತ್ತವೆ. ಎಳೆತ ಹುಟ್ಟುವುದು ಮುಂದೆ ಗಾಳಿ ಬಡಿಯುವುದರಿಂದ ಮಾತ್ರವಲ್ಲ, ಚಕ್ರದ ಹಿಂದೆ ಗಾಳಿ ಹರಿದು ಚೆಲ್ಲಾಪಿಲ್ಲಿಯಾಗಿ ಒತ್ತಡ ಕುಸಿಯುವುದರಿಂದ. ಆದ್ದರಿಂದ ಕವಚದ ಮೂತಿಗಿಂತ ಬಾಲ ಮುಖ್ಯ. ಉದ್ದಕ್ಕೆ, ನಿಧಾನಕ್ಕೆ ಕಿರಿದಾಗುವ ಬಾಲ ಗಾಳಿಯನ್ನು ಮೈಗೆ ಅಂಟಿಸಿಕೊಂಡೇ ಹಿಂದಕ್ಕೆ ಕಳುಹಿಸುತ್ತದೆ. ಪ್ರೆಶರ್ ರಿಕವರಿ ಪ್ಯಾಂಟ್ ಅನ್ನುವುದು ಇದಕ್ಕೇ. 'ಹಿಂದೆ ಇಷ್ಟುದ್ದ ಯಾಕೆ ಸಾಹೇಬ್ರ, ಒಂದು ಗೇಣು ಕಡಿಮೆ ಮಾಡಿದ್ರ ಮೌಲ್ಡ್ ಸುಲಭ ಆಗ್ತದ' ಎಂಬ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ.

ಈಗ ಮೌಲ್ಡ್. ಇಲ್ಲಿ ಶೆಡ್‌ನವರ ಕೈಗೆ ಎರಡು ಮಾತಿಲ್ಲ. ಪ್ಲಗ್‌ಗೆ (ಮೌಲ್ಡ್ ತೆಗೆಯಲು ಮೊದಲು ಮಾಡುವ ಮಾದರಿಗೆ) ಪುಟ್ಟಿ ಎಳೆಯುವುದು, 80ರಿಂದ ಶುರುಮಾಡಿ 1000 ನಂಬರಿನ ನೀರುಕಾಗದದವರೆಗೆ ಉಜ್ಜುವುದು, ಕನ್ನಡಿಯಂತೆ ಹೊಳೆಯಿಸುವುದು ಅವರ ದಿನದ ಕೆಲಸ. ಮೈಮೇಲೆ ಟ್ಯೂಬ್‌ಲೈಟ್ ಬೆಳಕು ಬಿಟ್ಟು ಆ ಗೆರೆ ಎಲ್ಲಿ ಅಲುಗುತ್ತದೆ ನೋಡಿ ಉಬ್ಬುತಗ್ಗು ಹಿಡಿಯುವ ಅಭ್ಯಾಸ ಅವರಿಗಿದೆ. ನೀವು ಕೊಡಬೇಕಾದದ್ದು ಪ್ಲೈವುಡ್ ಟೆಂಪ್ಲೇಟ್: ಮೇಲಿನಿಂದ ನೋಡಿದ ಆಕಾರಕ್ಕೆ ಒಂದು, ಪಕ್ಕದಿಂದ ನೋಡಿದ ಆಕಾರಕ್ಕೆ ಒಂದು, ಅಡ್ಡಕೊಯ್ತಕ್ಕೆ ಕನಿಷ್ಠ ಐದು. ಅತಿ ಅಗಲದ ಜಾಗ ಮೂತಿಯಿಂದ ಮೂರನೇ ಒಂದು ಭಾಗದ ಆಸುಪಾಸು ಬರಲಿ. ಒಳಗಿನ ಅಗಲ ಟಯರ್‌ನ 127 ಮಿ.ಮೀ.ಗೆ ಎರಡೂ ಬದಿ 12 ಮಿ.ಮೀ. ಸೇರಿಸಿದರೆ ಸಾಲದು. ಬ್ರೇಕ್ ಕ್ಯಾಲಿಪರ್ ಇರುವ ಬದಿಗೆ ಬೇರೆ ಅಳತೆ ಬೇಕು. ಪ್ಯಾಡ್ ಸವೆದಂತೆ ಕ್ಯಾಲಿಪರ್ ಪಕ್ಕಕ್ಕೆ ಸರಿಯುತ್ತದೆ, ಅದು ಸರಿಯುವ ದಿಕ್ಕಿಗೂ ಜಾಗ ಬಿಡಬೇಕು.

ಪ್ಲಗ್‌ಗೆ ಥರ್ಮಾಕೋಲ್ ಬಳಸುವುದಾದರೆ ಎಚ್ಚರ. ಶೆಡ್‌ನ ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸಿ ತಿನ್ನುತ್ತದೆ, ಪಾಲಿಯೆಸ್ಟರ್ ಪುಟ್ಟಿಯದೂ ಅದೇ ಕತೆ. ಮೊದಲು ಎಪಾಕ್ಸಿಯಲ್ಲಿ (ಸ್ಟೈರೀನ್ ಇಲ್ಲದ ಬೇರೆ ಜಾತಿಯ ರೆಸಿನ್) ಒಂದೆರಡು ಪದರ ಗ್ಲಾಸ್ ಬಟ್ಟೆ ಹೊದಿಸಿ, ಅದು ಒಣಗಿದ ಮೇಲೆ ಅವರ ಪುಟ್ಟಿ ಹಚ್ಚಲಿ. ವ್ಯಾಕ್ಸ್ ಐದಾರು ಸಲ, ನಡುನಡುವೆ ಒಂದು ಗಂಟೆ ಬಿಡುವು, ಕೊನೆಗೆ ಅಂಟದಂತೆ ತಡೆಯುವ ಪಿವಿಎ ಫಿಲ್ಮ್. ಹೊಸ ಪ್ಲಗ್‌ಗೆ ವ್ಯಾಕ್ಸ್ ಮಾತ್ರ ನಂಬಿ ಕೂತರೆ ಮೌಲ್ಡ್ ಬಿಡಿಸುವಾಗ ಗೆಲ್‌ಕೋಟ್ (ನುಣುಪಾದ ರೆಸಿನ್ ಮೇಲ್ಪದರ) ಕಿತ್ತು ಬರುತ್ತದೆ.

ಎರಡು ತುಂಡಿನ ಜೋಡಣೆ ಅತಿ ಅಗಲದ ಜಾಗದಲ್ಲೇ ಬಂದರೆ ಮುಂದಿನರ್ಧ ಮೌಲ್ಡ್‌ನಿಂದ ಕುಲ್ಫಿ ಅಚ್ಚಿನಿಂದ ಕುಲ್ಫಿ ಬಂದಂತೆ ಜಾರಿ ಬರುತ್ತದೆ, ಮೌಲ್ಡ್ ಸೀಳುವ ಗರಜು ಇಲ್ಲ. ಹಿಂದಿನರ್ಧದ್ದು ಹಾಗಲ್ಲ. ಜಾರಿ ಬರುವುದೇನೋ ಬರುತ್ತದೆ, ಆದರೆ ಬಾಲದ ತುದಿಗೆ ಕೈ ಹೋಗುವುದಿಲ್ಲ, ಬ್ರಷ್ಷೂ ತಲುಪುವುದಿಲ್ಲ, ರೆಸಿನ್ ಅಲ್ಲಿ ಮಡುಗಟ್ಟುತ್ತದೆ. ಹಿಂದಿನರ್ಧದ ಮೌಲ್ಡನ್ನು ಉದ್ದಕ್ಕೆ ಎಡಬಲ ಸೀಳಿ ಫ್ಲೇಂಜ್‌ಗೆ (ಜೋಡಣೆಗೆ ಚಾಚಿದ ಅಂಚಿಗೆ) ಬೋಲ್ಟ್ ಹಾಕುವ ಅವರ ಸಲಹೆ ಸರಿಯಾದದ್ದು. ನೀರಿನ ತೊಟ್ಟಿ ಮಾಡಿದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೌಲ್ಡ್ ಗೋಡೆ 6 ಮಿ.ಮೀ. ಇರಲಿ, ಹೊರಗೆ ಪಟ್ಟಿ ಕೊಟ್ಟು ಬಿಗಿ ಮಾಡಿಸಿ. ಆರೂ ಮಿ.ಮೀ. ಒಂದೇ ದಿನ ಏರಿಸಲು ಬಿಡಬೇಡಿ: ದಪ್ಪ ಪದರ ಒಟ್ಟಿಗೆ ಕಾದು, ಕುಗ್ಗಿ, ಮೌಲ್ಡ್ ತಿರುಚುತ್ತದೆ. ಎರಡೆರಡು ಪದರದಂತೆ ಏರಿಸಿ, ಕೊನೆಯ ಪದರದ ನಂತರ ಒಂದು ವಾರ ಪ್ಲಗ್ ಮೇಲೇ ಬಿಡಲಿ.

ಶೆಲ್ ವಿಷಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಶೆಡ್‌ನ ರೂಢಿಯ ಲೆಕ್ಕ: ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಮ್ಯಾಟ್ (ತುಂಡು ಎಳೆಗಳ ಗ್ಲಾಸ್ ಹಾಸು) ಎರಡು ಪದರ, ಪಾಲಿಯೆಸ್ಟರ್ ರೆಸಿನ್, ಹೊರಗೆ ಗೆಲ್‌ಕೋಟ್, ದರ ಕಿಲೋಕ್ಕೆ ಇಷ್ಟು ಅಂತ. ಕಿಲೋ ದರದಲ್ಲೇ ತೊಂದರೆ ಅಡಗಿದೆ. ತೊಟ್ಟಿಗೆ ತೂಕ ಬಂದಷ್ಟೂ ಗಿರಾಕಿಗೆ ಖುಷಿ, ವಿಮಾನಕ್ಕೆ ಅದು ಉಲ್ಟಾ. ದಯವಿಟ್ಟು ನಗದ (ಪೀಸ್) ಲೆಕ್ಕದಲ್ಲಿ, ತುಂಡಿಗೆ ಇಷ್ಟು ಎಂದು ಮಾತಾಡಿ, ಗರಿಷ್ಠ ತೂಕವನ್ನು ಆ ಚೀಟಿಯಲ್ಲೇ ಬರೆಸಿ.

ಒಂದು ಕವಚದ ಮೈ ಸುಮಾರು 0.8 ಚದರ ಮೀಟರ್ ಎಂದಿಟ್ಟುಕೊಳ್ಳಿ. ಎರಡು ಪದರ ಮ್ಯಾಟ್ ಎಂದರೆ ಗ್ಲಾಸ್ 720 ಗ್ರಾಂ. ಮ್ಯಾಟ್ ರೆಸಿನ್ ಕುಡಿಯುವ ಸ್ವಭಾವದ್ದು; ಗ್ಲಾಸ್ ಶೇ 30, ರೆಸಿನ್ ಶೇ 70. ಒಟ್ಟು 2.4 ಕಿಲೋ. ಅದರ ಮೇಲೆ ಅರ್ಧ ಮಿ.ಮೀ. ಗೆಲ್‌ಕೋಟ್ ಚದರ ಮೀಟರಿಗೆ 600 ಗ್ರಾಂನಂತೆ ಇನ್ನೂ 480 ಗ್ರಾಂ. ಹತ್ತಿರ ಹತ್ತಿರ 2.9 ಕಿಲೋ. ಈಗ ಅದೇ 720 ಗ್ರಾಂ ಗ್ಲಾಸನ್ನು 300 ಗ್ರಾಂ ತೂಕದ ನೇಯ್ದ ಬಟ್ಟೆಯಾಗಿ ಮೂರು ಪದರ ಹಾಕಿ, ಎಪಾಕ್ಸಿಯಲ್ಲಿ ನೆನೆಸಿ, ಹೆಚ್ಚಿನದನ್ನು ಹಿಂಡಿ ತೆಗೆದು ರೆಸಿನ್ ಶೇ 45ಕ್ಕೆ ತಂದರೆ ಒಟ್ಟು 1.3 ಕಿಲೋ. ಗ್ಲಾಸ್ ಅಷ್ಟೇ ಇದ್ದರೂ ಒಂದು ಜೊತೆಗೆ 3 ಕಿಲೋಗೂ ಮೀರಿ ಉಳಿತಾಯ. ಇದು ಬರೀ ತೂಕದ ಮಾತಲ್ಲ. ಉಬ್ಬುತಗ್ಗಿನ ನೆಲದಲ್ಲಿ ಚಕ್ರಕ್ಕೆ 4 ಜಿ (ಗುರುತ್ವದ ನಾಲ್ಕು ಪಟ್ಟು) ಹೊಡೆತ ಬಿದ್ದರೆ 2.9 ಕಿಲೋ ಕವಚ ಬ್ರಾಕೆಟ್ಟನ್ನು 11 ಕಿಲೋಗೂ ಹೆಚ್ಚಿನ ಭಾರದಲ್ಲಿ ಎಳೆಯುತ್ತದೆ. ಬಿರುಕು ಶುರುವಾಗುವುದು ಅಲ್ಲಿಂದಲೇ.

ಮ್ಯಾಟನ್ನೇ ಎಪಾಕ್ಸಿಯಲ್ಲಿ ನೆನೆಸೋಣ ಎಂಬ ನಡುದಾರಿ ನಡೆಯುವುದಿಲ್ಲ. ಮ್ಯಾಟ್‌ನ ಎಳೆಗಳನ್ನು ಹಿಡಿದಿಡುವ ಅಂಟು ಸ್ಟೈರೀನ್‌ನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟ್ ಮೆತ್ತಗಾಗದೆ ರಟ್ಟಿನಂತೆ ನಿಲ್ಲುತ್ತದೆ, ಮೂಲೆಗೆ ಕೂರುವುದಿಲ್ಲ. ಶೆಡ್‌ನಲ್ಲಿ ಸಿಗುವ ವೋವನ್ ರೋವಿಂಗ್, ಅಂದರೆ ದಪ್ಪ ಎಳೆಯ ನೇಯ್ದ ಗ್ಲಾಸ್, ಕೂಡ ಬೇಡ. ಎಪಾಕ್ಸಿಗೆ ಹೊಂದುವ ಸೈಲೇನ್ ಲೇಪನದ 300 ಗ್ರಾಂ ಬಟ್ಟೆಯನ್ನು ಹೈದರಾಬಾದಿನಿಂದ ತರಿಸಿಕೊಳ್ಳಿ. ಹುಮನಾಬಾದ್ ದಾಟಿ ಬರುವ ಪಾರ್ಸೆಲ್‌ನಲ್ಲಿ ಮಡಚಿ ಹಾಕದೆ ಕೊಳವೆಗೆ ಸುತ್ತಿಯೇ ಕಳಿಸಲು ಹೇಳಬೇಕು. ಮಡಿಕೆ ಬಿದ್ದ ಜಾಗದಲ್ಲಿ ಎಳೆ ಮುರಿದಿರುತ್ತದೆ. ಕತ್ತರಿಸುವುದು 45 ಡಿಗ್ರಿ ಓರೆಗೆ: ಹಾಗೆ ಕತ್ತರಿಸಿದ ಬಟ್ಟೆ ಉಬ್ಬಿನ ಮೇಲೆ ಸುಕ್ಕಿಲ್ಲದೆ ಕೂರುತ್ತದೆ. ಒಂದು ಕವಚಕ್ಕೆ 2.4 ಚದರ ಮೀಟರ್ ಸಾಕೆನಿಸಿದರೂ ಓರೆ ಕತ್ತರಿಕೆಯ ವ್ಯರ್ಥ, ಅಂಚಿನ ಹೆಚ್ಚುವರಿ ಪಟ್ಟಿ ಸೇರಿ 4 ಚದರ ಮೀಟರ್ ಇಟ್ಟುಕೊಳ್ಳಿ.

ರೆಸಿನ್ ವಿಷಯದಲ್ಲಿ ಶೆಡ್‌ನವರ ಕೈಚಳಕವೇ ಅವರ ಶತ್ರು. ಪಾಲಿಯೆಸ್ಟರ್‌ಗೆ ಹಾಕುವ ಎಂಇಕೆಪಿ ಬರೀ ಚುರುಕುಗೊಳಿಸುವ ದ್ರವ. ಬಿಸಿಲಿದ್ದರೆ ಒಂದು ಮುಚ್ಚಳ, ಮೋಡವಿದ್ದರೆ ಒಂದೂವರೆ ಎಂದು ಹಾಕಿದರೂ ಕೆಲಸ ನಡೆಯುತ್ತದೆ. ಎಪಾಕ್ಸಿಯ ಹಾರ್ಡ್ನರ್ ಹಾಗಲ್ಲ. ಅದು ರೆಸಿನ್ ಜೊತೆ ಕಣಕ್ಕೆ ಕಣ ಸೇರಿ ಗಟ್ಟಿಯಾಗುವ ಪಾಲುದಾರ. ಎಲ್‌ವೈ 556 ಎಂಬ ಎಪಾಕ್ಸಿ ರೆಸಿನ್‌ಗೆ ಎಚ್‌ವೈ 951 ಹಾರ್ಡ್ನರ್ ತೂಕದಲ್ಲಿ 100ಕ್ಕೆ 10. ಬೇಗ ಒಣಗಲಿ ಎಂದು 15 ಹಾಕಿದರೆ ಬೇಗ ಬಿಸಿಯಾಗುತ್ತದೆ, ಆದರೆ ಜೊತೆ ಸಿಗದ ಹಾರ್ಡ್ನರ್ ಒಳಗೇ ಉಳಿದು ಶೆಲ್ ಮೆತ್ತಗೇ ಇರುತ್ತದೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ತೆಗೆದುಕೊಂಡು ಹೋಗಿ, ಮಿಶ್ರಣ ನೀವೇ ತೂಗಿ ಕೊಡಿ. ಇದೊಂದನ್ನು ಬಿಟ್ಟುಕೊಡಬೇಡಿ. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಕಾರಣ ಹೇಳಿದರೆ ಆಸಕ್ತಿಯಿಂದ ಕೇಳುತ್ತಾರೆ.

ಇಲ್ಲಿ ಕಲಬುರಗಿ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲೇಬೇಕು. 25 ಡಿಗ್ರಿಯಲ್ಲಿ ಅರ್ಧ ಗಂಟೆ ಕೈಗೆ ಸಿಗುವ ಮಿಶ್ರಣ, ಉಷ್ಣತೆ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ ಒಳಗೆ 40 ದಾಟಿದಾಗ ಹತ್ತು ನಿಮಿಷವಷ್ಟೇ. ಬೆಳಿಗ್ಗೆ 5ಕ್ಕೆ ಶುರುಮಾಡಿ 8ಕ್ಕೆ ಮುಗಿಸುವಂತೆ ಮಾತಾಡಿಕೊಳ್ಳಿ. ಒಂದು ಸಲಕ್ಕೆ 200 ಗ್ರಾಂ ರೆಸಿನ್, 20 ಗ್ರಾಂ ಹಾರ್ಡ್ನರ್, ಅಷ್ಟೇ. ಒಂದು ಕವಚಕ್ಕೆ ಅಂಥ ನಾಲ್ಕು ಸಲ. ಕಲಸಿದ ಕೂಡಲೇ ಆಳದ ಮಗ್ಗಿನಿಂದ ಅಗಲ ತಟ್ಟೆಗೆ ಸುರಿಯಿರಿ. ಮಗ್ಗಿನಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ: ತೇವದ ಗಾಳಿಗೆ ಗಟ್ಟಿಯಾದ ಎಪಾಕ್ಸಿ ಮೇಲೆ ಜಿಡ್ಡಿನಂಥ ಪೊರೆ ಕೂರುತ್ತದೆ. ಮುಂದಿನ ಪದರಕ್ಕೆ ಮುನ್ನ ನೀರು, ಸ್ಕಾಚ್‌ಬ್ರೈಟ್‌ನಿಂದ ತೊಳೆಯದಿದ್ದರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ.

ಪೀಲ್ ಪ್ಲೈ (ಕೊನೆಯ ಪದರದ ಮೇಲೆ ಹಾಸಿ, ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ಬಟ್ಟೆ) ಸಿಗದಿದ್ದರೆ ಸೂಪರ್ ಮಾರ್ಕೆಟ್ ಕಡೆಯ ಬಟ್ಟೆ ಅಂಗಡಿಯಲ್ಲಿ ಸಿಗುವ ಪೂರ್ತಿ ಪಾಲಿಯೆಸ್ಟರ್ ಅಸ್ತರ್ ಬಟ್ಟೆ ನಡೆಯುತ್ತದೆ. ಹತ್ತಿ ಬೆರೆತದ್ದು ಅಂಟಿಕೊಂಡುಬಿಡುತ್ತದೆ, ಆದ್ದರಿಂದ ಒಂದು ಚೂರಿನ ಮೇಲೆ ಪರೀಕ್ಷಿಸಿಯೇ ಬಳಸಿ. ಕೊನೆಯ ಪದರದ ಮೇಲೆ ಅದನ್ನು ಹಾಸಿ ಪ್ಲಾಸ್ಟಿಕ್ ಹಲಗೆಯಿಂದ ನಡುವಿನಿಂದ ಅಂಚಿಗೆ ಎಳೆದರೆ ಹೆಚ್ಚಿನ ರೆಸಿನ್ ಮೇಲೆದ್ದು ಬರುತ್ತದೆ. ಶೆಡ್‌ನ ಹುಡುಗರಿಗೆ ಇದು ಮೊದಲು ವಿಚಿತ್ರವೆನಿಸುತ್ತದೆ, ಏಕೆಂದರೆ ಅವರ ಕಲಿಕೆಯಲ್ಲಿ ಮೈ ಮಿಂಚಿದರೆ ಮಾತ್ರ ಚೊಕ್ಕ ಕೆಲಸ. ಇಲ್ಲಿ ಮಿಂಚುವ ಒಳಮೈ ಎಂದರೆ ರೆಸಿನ್ ಜಾಸ್ತಿಯಾಯಿತು ಎಂದೇ ಅರ್ಥ. ಬಟ್ಟೆಯ ನೇಯ್ಗೆ ಕಾಣಬೇಕು, ಕೈಯಾಡಿಸಿದರೆ ಎಳೆಗಳ ಏರಿಳಿತ ಬೆರಳಿಗೆ ತಾಕಬೇಕು.

ಗೆಲ್‌ಕೋಟ್ ಬೇಡ ಎನ್ನಲು ತೂಕದ ಹೊರತಾಗಿ ಇನ್ನೊಂದು ಕಾರಣವಿದೆ: ಗೆಲ್‌ಕೋಟ್ ಇಲ್ಲದ ಶೆಲ್ ತನ್ನ ಹುಳುಕನ್ನು ತಾನೇ ತೋರಿಸುತ್ತದೆ. ಶೆಡ್‌ನಿಂದ ಹೊರಡುವ ಮುನ್ನ ಕತ್ತಲೆ ಮೂಲೆಯಲ್ಲಿ ಶೆಲ್ ಒಳಗೆ ಟಾರ್ಚ್ ಹಿಡಿಯಿರಿ. ಸರಿಯಾದ ಜಾಗ ತಿಳಿ ಹಸಿರು ಛಾಯೆಯಲ್ಲಿ ಒಂದೇ ಸಮನೆ ಬೆಳಗುತ್ತದೆ. ಬೆಳ್ಳನೆಯ ಚುಕ್ಕೆ, ಹಿಂಜಿದ ಹತ್ತಿಯಂಥ ಕಲೆ ಕಂಡರೆ ರೆಸಿನ್ ಸಾಲದ ಒಣ ಜಾಗ. ಬೆಲ್ಲದ ಪಾಕದ ಬಣ್ಣದ ಮಡು ಕಂಡರೆ ರೆಸಿನ್ ನಿಂತ ಜಾಗ, ಅಲ್ಲಿ ಬಿರುಕು ಬರುತ್ತದೆ. ಬಾಲದ ತುದಿ, ಮೂತಿಯ ಸುತ್ತ, ಫ್ಲೇಂಜ್ ತಿರುವು ಈ ಮೂರು ಕಡೆ ಎರಡೆರಡು ಸಲ ನೋಡಿ. ಆಮೇಲೆ ಒಂದು ರೂಪಾಯಿ ನಾಣ್ಯದಿಂದ ಬೆರಳಗಲಕ್ಕೊಂದು ಸಲ ತಟ್ಟುತ್ತಾ ಹೋಗಿ: ಗಟ್ಟಿ ಜಾಗ 'ಟಣ್' ಎನ್ನುತ್ತದೆ, ಪದರ ಬಿಟ್ಟ ಜಾಗ 'ಡಬ್' ಎನ್ನುತ್ತದೆ. ನಾಣ್ಯದಗಲದ ಒಂದು ಗುಳ್ಳೆ ಇದ್ದರೆ ಕೊರೆದು ತುಂಬಬಹುದು. ಅಂಗೈಯಗಲದ್ದು ಜೋಡಣೆಯ ಅಂಚಿನಲ್ಲಿದ್ದರೆ ಶೆಲ್ಲನ್ನು ಅಲ್ಲೇ ಬಿಟ್ಟು ಬನ್ನಿ. ಎಲ್ಲ ಫ್ಲೇಂಜ್, ಅಂಚಿನ ಪದರ ಸೇರಿ ಒಂದು ಕವಚ 1.6 ಕಿಲೋ ಒಳಗಿರಬೇಕು.

ಟಯರ್ ಬಾಯಿ ಕತ್ತರಿಸಲು ಶೆಡ್‌ನವರು ಕಲ್ಲು ಕೊಯ್ಯುವ ಗ್ರೈಂಡರ್ ಎತ್ತುತ್ತಾರೆ. ಅದು ತೊಟ್ಟಿಗೆ ಸರಿ. ತೆಳು ಶೆಲ್‌ನಲ್ಲಿ ಅಂಚು ಹಿಸಿದು ಪದರ ಬಿಡುತ್ತದೆ. ಕತ್ತರಿಸದೆ ತಂದು, ಗೆರೆಯ ಮೇಲೆ ಟೇಪ್ ಅಂಟಿಸಿ, ಸಣ್ಣ ಡೈಮಂಡ್ ಚಕ್ರದ ರೋಟರಿ ಯಂತ್ರದಿಂದ ಗೆರೆಗಿಂತ 5 ಮಿ.ಮೀ. ಒಳಗೆ ಕೊಯ್ದು, ಉಳಿದದ್ದನ್ನು 80 ನಂಬರಿನ ಕಾಗದದಿಂದ ತರಿ. ಮಾಸ್ಕ್ ಇಲ್ಲದೆ ಈ ಧೂಳಿನ ಹತ್ತಿರ ನಿಲ್ಲಬೇಡಿ. ಮೂಲೆಗಳು ಚೂಪಾಗಬಾರದು, ಕನಿಷ್ಠ 25 ಮಿ.ಮೀ. ತ್ರಿಜ್ಯದ ತಿರುವು ಕೊಡಿ. ಬಾಯಿಯ ಸುತ್ತ 50 ಮಿ.ಮೀ. ಅಗಲಕ್ಕೆ ಇನ್ನೆರಡು ಪದರ ಒಳಗಿನಿಂದ ಹಾಕಿ.

ಬ್ರಾಕೆಟ್ ಕೆಲಸಕ್ಕೆ ಪಕ್ಕದ ಲೇತ್‌ನವರನ್ನು ಶೆಡ್‌ನವರೇ ತೋರಿಸುತ್ತಾರೆ. ಸ್ಪೇಸರ್ ತಿರುಗಿಸುವುದರಲ್ಲಿ ಆ ಲೇತ್ ಅಚ್ಚುಕಟ್ಟು, ಹತ್ತನೇ ಒಂದು ಮಿ.ಮೀ. ಹೇಳಿದರೆ ಹತ್ತನೇ ಒಂದೇ ಕೊಡುತ್ತಾರೆ. ಅಲ್ಯೂಮಿನಿಯಂ ತಗಡು ಮಾತ್ರ ಅಲ್ಲಿ ಸಿಗುವುದನ್ನು ನಂಬಬೇಡಿ. ಕಿಟಕಿ ಚೌಕಟ್ಟಿನ ಮೆದು ಲೋಹ ನೋಡಲು ಹಾಗೇ ಇರುತ್ತದೆ, ಕೈಯಲ್ಲೇ ಬಾಗುತ್ತದೆ. 6061-ಟಿ6 (ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹ) ಎಂದು ಪ್ರಮಾಣಪತ್ರವಿರುವ 3 ಮಿ.ಮೀ. ತಗಡು ಕೊಟ್ಟು ಕೆಲಸ ಮಾಡಿಸಿ. ಒಳಬದಿಯ ಬ್ರಾಕೆಟ್ ಬ್ರೇಕ್ ಫ್ಲೇಂಜ್‌ನ ಬೋಲ್ಟ್‌ಗಳಲ್ಲೇ ಕೂರುವುದಾದರೆ ಬೋಲ್ಟ್ ಉದ್ದ ಬದಲಾಗುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ವಿಮಾನಕ್ಕೆಂದೇ ಮಾಡುವ ಎಎನ್ ಬೋಲ್ಟ್‌ಗಳು 1/8 ಇಂಚಿನ ಹೆಜ್ಜೆಯಲ್ಲಿ ಉದ್ದವಾಗುತ್ತವೆ, 3 ಮಿ.ಮೀ. ಬ್ರಾಕೆಟ್ ಸೇರಿದರೆ ಒಂದು ಹೆಜ್ಜೆ ಉದ್ದದ ಬೋಲ್ಟ್ ಬೇಕು. ಹಳೆಯದನ್ನೇ ಹಾಕಿದರೆ ನಟ್ ಕೊನೆಯ ಸುತ್ತಿನಲ್ಲಿ ನಿಲ್ಲುತ್ತದೆ. ಬ್ರೇಕ್ ಹಿಡಿದಾಗ ಹೊರೆ ಹೊರುವ ಬೋಲ್ಟ್ ಅದು. ಹೊರಬದಿಯ ಬ್ರಾಕೆಟ್ ಆಕ್ಸಲ್ ತುದಿಗೆ ಕೂರುತ್ತದೆ. ಅದು ಆಕ್ಸಲ್ ನಟ್‌ನ ಸ್ಪ್ಲಿಟ್ ಪಿನ್ನನ್ನು ಒತ್ತಬಾರದು, ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಮೊದಲಿನಷ್ಟೇ ಹಗುರಾಗಿ ತಿರುಗಬೇಕು.

'ಸಾಹೇಬ್ರ, ವಿಮಾನ ಇದ್ದಲ್ಲಿಗೇ ಬಂದು ಕೂರಿಸಿ ಕೊಡ್ತೀವಿ' ಎಂಬ ಮಾತಿಗೆ ಕೈಮುಗಿದು ಬೇಡ ಎನ್ನಿ. ಅವರು ಕಣ್ಣಳತೆಯಲ್ಲಿ, ವಿಮಾನ ನೆಲದ ಮೇಲೆ ನಿಂತಂತೆಯೇ ಕೂರಿಸುತ್ತಾರೆ. ತಪ್ಪಾಗುವುದು ಇಲ್ಲೇ. ನೆಲದ ಮೇಲೆ ನಿಂತಾಗ ವಿಮಾನದ ಭಾರಕ್ಕೆ ಸ್ಪ್ರಿಂಗ್ ಕಾಲುಗಳು ಅಗಲಿ ಚಕ್ರ ಓರೆಯಾಗಿರುತ್ತದೆ. ಹಾರಾಟದಲ್ಲಿ ಕಾಲು ಜೋತುಬಿದ್ದು ಬೇರೆಯೇ ಕೋನಕ್ಕೆ ಬರುತ್ತದೆ. ಕವಚ ಗಾಳಿ ಸೀಳುವುದು ಆ ಕೋನದಲ್ಲಿ. ಆದ್ದರಿಂದ ವಿಮಾನವನ್ನು ಜಾಕ್ ಮೇಲೆ ಎತ್ತಿ ಟಯರ್ ನೆಲದಿಂದ ಎರಡು ಬೆರಳು ಮೇಲಿರುವಂತೆ ಮಾಡಿ, ಉದ್ದಕ್ಕೂ ಅಡ್ಡಕ್ಕೂ ಹಾರಾಟದ ಮಟ್ಟಕ್ಕೆ ತಂದೇ ಕೂರಿಸಬೇಕು. ಬಾಲಚಕ್ರದ ವಿಮಾನವಾದರೆ ಬಾಲವನ್ನೂ ಎತ್ತಿ ಮಟ್ಟ ಮಾಡಬೇಕು.

ಶಹಾಬಾದ್ ಫರ್ಸಿ ಹಾಸಿದ ನೆಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬಳಪದ ಗೆರೆ ಸ್ಪಷ್ಟ ಕಾಣುತ್ತದೆ, ಒರೆಸಿದರೆ ಹೋಗುತ್ತದೆ. ಆದರೆ ಫರ್ಸಿಯ ಸಂದುಗೆರೆಯನ್ನೇ ನೇರಗೆರೆ ಎಂದು ನಂಬಬೇಡಿ. ಗೌಂಡಿ ಎಷ್ಟೇ ಚೊಕ್ಕ ಹಾಸಿದ್ದರೂ ಐದು ಮೀಟರಿಗೆ ಬೆರಳಗಲ ಸರಿದಿರುತ್ತದೆ. ವಿಮಾನದ ಮೂತಿಯ ನಡುವಿನಿಂದ, ಬಾಲದ ನಡುವಿನಿಂದ ತೂಗುಗುಂಡು ಇಳಿಬಿಟ್ಟು, ಎರಡು ಚುಕ್ಕೆ ಸೇರಿಸಿ ಬಣ್ಣದ ದಾರ ಚಿಮ್ಮಿ ಗೆರೆ ಹಾಕಿ. ಗುಂಡು ತೂಗಾಡುತ್ತಿದ್ದರೆ ನೀರು ತುಂಬಿದ ಲೋಟದಲ್ಲಿ ಅದನ್ನು ಮುಳುಗಿಸಿ, ಚಣದಲ್ಲಿ ನಿಲ್ಲುತ್ತದೆ. ಕೂಲರ್ ಗಾಳಿ ಬಂದ್ ಮಾಡಿರಬೇಕು. ನಡುಗೆರೆಗೆ ಸಮಾನಾಂತರವಾಗಿ ಪ್ರತಿ ಚಕ್ರದಡಿ ಒಂದು ಗೆರೆ. ಟಯರ್ ತಲೆ ಮೇಲೆ 25 ಮಿ.ಮೀ. ಮರದ ತುಂಡು ಟೇಪಿನಿಂದ ಅಂಟಿಸಿ, ಅದರ ಮೇಲೆ ಕವಚ ಕೂರಿಸಿ. ಕವಚದ ಮೂತಿ, ಬಾಲ ಎರಡರ ನಡುಬಿಂದುವಿನಿಂದಲೂ ಗುಂಡು ಇಳಿಬಿಟ್ಟು ನೆಲದ ಗೆರೆಗೆ ತನ್ನಿ. ಒಂದು ಮೀಟರ್ ಉದ್ದಕ್ಕೆ 17 ಮಿ.ಮೀ. ತಪ್ಪಿದರೆ ಒಂದು ಡಿಗ್ರಿ, 2 ಮಿ.ಮೀ. ಒಳಗೆ ತರುವುದು ಕಷ್ಟವೇನಲ್ಲ. ಒಂದೆರಡು ಡಿಗ್ರಿ ತಿರುಗಿದ ಕವಚ ಸಣ್ಣ ರಡ್ಡರ್‌ನಂತೆ (ಬಾಲದ ಚುಕ್ಕಾಣಿಯಂತೆ) ವರ್ತಿಸುತ್ತದೆ, ಹಾರಾಟದಲ್ಲಿ ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಮಾಪಕದ ಬಾಲ್ ಒಂದು ಬದಿಗೆ ಕೂತುಬಿಡುತ್ತದೆ, ಕಾರಣ ಹುಡುಕುತ್ತಾ ಜನ ರಡ್ಡರ್ ಟ್ಯಾಬ್ ಬಗ್ಗಿಸುತ್ತಾರೆ. ಮೇಲುಕೆಳಗಿನ ಮಟ್ಟಕ್ಕೂ ಅಷ್ಟೇ ಗಮನ ಕೊಡಿ. ಕವಚದ ಉದ್ದಗೆರೆ ಲಾಂಜೆರಾನ್‌ಗೆ (ವಿಮಾನದ ಮೈಯುದ್ದಕ್ಕೂ ಹೋಗುವ ಪಟ್ಟಿಗೆ) ಸಮಾನಾಂತರವಿರಬೇಕು.

ಎರಡು ತುಂಡಿನ ಜೋಡಣೆಯನ್ನೂ ಇದೇ ಸ್ಥಿತಿಯಲ್ಲಿ ಮಾಡಿ. ಮುಂದಿನ ತುಂಡು ಹಿಂದಿನದರ ಮೇಲೆ ಬರಬೇಕು, ಹೆಂಚಿನ ಹಾಗೆ, ಇಲ್ಲದಿದ್ದರೆ ಗಾಳಿ ಅಂಚನ್ನು ಎತ್ತುತ್ತದೆ. ಮುಂದಿನ ತುಂಡಿನ ಒಳಅಂಚಿಗೆ 25 ಮಿ.ಮೀ. ಕಂದು ಪ್ಯಾಕಿಂಗ್ ಟೇಪ್ ಅಂಟಿಸಿ, ಎರಡನ್ನೂ ತುದಿಗೆ ತುದಿ ಹಿಡಿದು, ಹಿಂದಿನ ತುಂಡಿನ ಒಳಗಿನಿಂದ ಟೇಪಿನ ಮೇಲಕ್ಕೆ ನಾಲ್ಕು ಪದರ ಹಾಸಿದರೆ ಫ್ಲೇಂಜ್ ತಾನಾಗಿಯೇ ಮೂಡುತ್ತದೆ, ಟೇಪಿಗೆ ಅಂಟದು. ಸ್ಕ್ರೂ 8 ನಂಬರಿನದು, ರಂಧ್ರ 4.2 ಮಿ.ಮೀ., ಫ್ಲೇಂಜ್‌ನ ನಟ್ಟನಡುವೆ ಬಂದರೆ ಎರಡೂ ಅಂಚಿಗೆ 12 ಮಿ.ಮೀ. ಉಳಿಯುತ್ತದೆ. ಪ್ಲೇಟ್‌ನಟ್ (ಒಳಗೆ ರಿವೆಟ್‌ನಿಂದ ಕೂರಿಸುವ ನಟ್) ರಿವೆಟ್ 2.4 ಮಿ.ಮೀ.; ಬರೀ ಫೈಬರ್ ಮೇಲೆ ರಿವೆಟ್ ಬಡಿದರೆ ಗ್ಲಾಸ್ ಪುಡಿಯಾಗುತ್ತದೆ, ಅಡಿಗೆ 0.8 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಇರಲಿ. ಸ್ಕ್ರೂ ತಲೆಗೆ ಕಪ್ ವಾಷರ್ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ರಂಧ್ರ ಅಗಲವಾಗಿ ಸ್ಕ್ರೂ ಒಳಗೆ ಮುಳುಗುತ್ತದೆ.

ನಮ್ಮ ನೆಲದ ಎರಡು ಸಂಗತಿಗಳನ್ನು ಯಾವ ಕಿಟ್‌ನ ಕೈಪಿಡಿಯೂ ಹೇಳುವುದಿಲ್ಲ. ಒಂದು ಜಾಲಿಮುಳ್ಳು. ಪಂಕ್ಚರ್ ಆದಾಗ ಕವಚದ ಅಡಿ ನೆಲಕ್ಕೆ ತಾಗಬಾರದು. ಊಹೆ ಬೇಡ: ವಿಮಾನ ಇಳಿಸಿ, ವಾಲ್ವ್ ಕೋರ್ ತೆಗೆದು ಟಯರ್ ಪೂರ್ತಿ ಚಪ್ಪಟೆ ಮಾಡಿ ಅಳೆದು ನೋಡಿ, ತಾಗಿದರೆ ಅಂಚನ್ನು ಇನ್ನಷ್ಟು ಮೇಲಕ್ಕೆ ತರಿ. ಗಾಳಿ ಹಾಕಲು ವಾಲ್ವ್ ಎದುರಿಗೆ 25 ಮಿ.ಮೀ. ರಂಧ್ರವೂ ಅದಕ್ಕೊಂದು ಬೂಚೂ ಬೇಕು, ಇಲ್ಲವಾದರೆ ಪ್ರತಿ ಸಲ ಕವಚ ಬಿಚ್ಚುವ ಸೋಮಾರಿತನಕ್ಕೆ ಗಾಳಿ ನೋಡುವುದನ್ನೇ ಜನ ಬಿಡುತ್ತಾರೆ.

ಇನ್ನೊಂದು ಎರೆಮಣ್ಣು. ಜೂನ್ ಮಳೆ ಬಿದ್ದ ಕಚ್ಚಾ ರನ್‌ವೇ ಪಟ್ಟಿಯಲ್ಲಿ ನೂರು ಹೆಜ್ಜೆ ಓಡಿದರೆ ಸಾಕು, ಎರೆಮಣ್ಣು ಟಯರ್‌ಗೆ ಸುತ್ತಿಕೊಂಡು ಕವಚದೊಳಗೆ ತುಂಬುತ್ತದೆ. ಬಿಸಿಲು ಬಿದ್ದರೆ ಅದೇ ಇಟ್ಟಿಗೆ. 12 ಮಿ.ಮೀ. ಸಂದು ಏನೇನೂ ಸಾಲದು. ಚಕ್ರ ಹಿಡಿದು ನಿಂತಿದ್ದು ಗೊತ್ತಾಗುವುದು ಮುಂದಿನ ಇಳಿಯುವಿಕೆಯಲ್ಲಿ, ಮೂಗಿನ ಮೇಲೆ ಬೀಳುವ ಅಪಾಯದೊಂದಿಗೆ. 2019ರ ನವೆಂಬರ್ 22ರಂದು ಶುರುವಾದ ಕಲಬುರಗಿ ವಿಮಾನ ನಿಲ್ದಾಣದ 3 ಕಿ.ಮೀ.ಗೂ ಉದ್ದದ ಡಾಂಬರು ರನ್‌ವೇಯಲ್ಲಿ ಈ ಚಿಂತೆ ಇಲ್ಲ. ಮಣ್ಣಿನ ಪಟ್ಟಿಯಾದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಕವಚ ಬಿಚ್ಚಿಡುವುದೇ ಸರಿ. ಹಾಗಿರುವಾಗ ಕವಚ ಇದ್ದಾಗಿನ ತೂಕ ಸಮತೋಲನ, ಇಲ್ಲದಾಗಿನದು, ಎರಡನ್ನೂ ಮೊದಲೇ ತೂಗಿ ಲಾಗ್‌ಬುಕ್‌ನಲ್ಲಿ ಬರೆದಿಡಬೇಕು.

ಬಣ್ಣದ ಮಾತು ಚುಟುಕಾಗಿ: ಬಿಳಿ. ಕೋಣೆಯ ಬಿಸಿಯಲ್ಲಿ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ, ಮೇ ತಿಂಗಳ ಬಿಸಿಲಿನಲ್ಲಿ ನಿಂತ ಕಡುಬಣ್ಣದ ಮೈ ಅದನ್ನು ಸುಲಭವಾಗಿ ದಾಟುತ್ತದೆ. ಬಿಳಿ ಬಳಿದರೂ ಶೆಲ್ಲನ್ನು ಮೌಲ್ಡ್‌ನಲ್ಲಿರುವಾಗಲೇ ಕಪ್ಪು ಪಾಲಿಥಿನ್ ಹೊದಿಕೆಯಡಿ ಬಿಸಿಲಿಗಿಟ್ಟು, ಗಂಟೆಗೆ 10 ಡಿಗ್ರಿಯಂತೆ 60ಕ್ಕೆ ಏರಿಸಿ ಒಂದಿಡೀ ಹಗಲು ಕಾಯಿಸಿದರೆ ಆ ಮಿತಿ ಮೇಲೇರುತ್ತದೆ. ಒಳಗೊಂದು ಥರ್ಮಾಮೀಟರ್ ಕಡ್ಡಾಯ. ಇಂಥ ಬಿಸಿಲು ಬಿಟ್ಟಿ ಸಿಗುವ ಊರು ನಮ್ಮದು, ಓವನ್ ಕಟ್ಟುವ ಖರ್ಚು ಉಳಿಯಿತು. ಬ್ರೇಕ್ ಡಿಸ್ಕ್ ಎದುರಿನ ಒಳಮೈಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಂಟಿಸಿ.

ಕಾಲು ಮತ್ತು ಕವಚ ಸೇರುವ ಕಂಕುಳಿನ ಸಣ್ಣ ಫೇರಿಂಗ್ (ಗಾಳಿ ನುಣುಪಾಗಿ ಹರಿಯಲು ಹಾಕುವ ಹೊದಿಕೆ) ಶೆಡ್‌ಗೆ ಕೊಡುವಂಥದ್ದಲ್ಲ, ವಿಮಾನದ ಮೇಲೇ ಜೇಡಿ ಮೆತ್ತಿ ಆಕಾರ ಕೊಟ್ಟು, ಟೇಪ್ ಹೊದಿಸಿ, ಎರಡು ಪದರ ಹಾಸಿದರೆ ಆಯಿತು. ಬಿಟ್ಟರೆ ಮಾತ್ರ ಕವಚದಿಂದ ಬಂದ ಲಾಭದ ಒಂದು ಪಾಲು ಆ ಮೂಲೆಯಲ್ಲೇ ಸೋರಿಹೋಗುತ್ತದೆ.

ಶೆಡ್‌ನ ಬಗ್ಗೆ ಇನ್ನೆರಡು ದೂರು. ಎಂಇಕೆಪಿ ಡಬ್ಬಿಯನ್ನೂ ಪಾಲಿಯೆಸ್ಟರ್‌ಗೇ ಬೆರೆಸುವ ಕೋಬಾಲ್ಟ್ ದ್ರವದ ಡಬ್ಬಿಯನ್ನೂ ಒಂದೇ ಕಪಾಟಿನಲ್ಲಿ ಇಡುತ್ತಾರೆ. ಇವೆರಡು ನೇರ ಬೆರೆತರೆ ಸಿಡಿಯುತ್ತವೆ, ದಯವಿಟ್ಟು ಹೋದವರೆಲ್ಲ ಈ ಮಾತು ಹೇಳಿ. ಎರಡನೆಯದು ದಿನದ ಲೆಕ್ಕ: ಕೂಲರ್ ಸೀಸನ್ ಫೆಬ್ರವರಿಯಿಂದ ಮೇವರೆಗೆ, ಆಗ ನಿಮ್ಮ ಕೆಲಸ ಮೂಲೆಗೆ ಬೀಳುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಕೊಡಿ. ಮೇಸ್ತ್ರಿಗೆ ಪುರುಸೊತ್ತೂ ಇರುತ್ತದೆ, ರೆಸಿನ್‌ಗೆ ಹಿತವಾದ ಹವೆಯೂ ಇರುತ್ತದೆ. ಕೆಲಸ ಮುಗಿದ ದಿನವೇ ಮೌಲ್ಡ್ ಮನೆಗೆ ತನ್ನಿ. ಶೆಡ್‌ನ ಹೊರಗೆ ಬಿಸಿಲಲ್ಲಿ ಬಿದ್ದ ಮೌಲ್ಡ್ ಒಂದು ಬೇಸಿಗೆಗೆ ತಿರುಚುತ್ತದೆ, ಮತ್ತು ಬಾಲದ ತುಂಡು ಒಡೆದಾಗ ಹೊಸದು ತೆಗೆಯಲು ಅದೇ ಮೌಲ್ಡ್ ಬೇಕಾಗುತ್ತದೆ. ಫ್ಲೇಂಜ್ ಬೋಲ್ಟ್ ಬಿಗಿದೇ, ಸಮತಟ್ಟಾದ ಹಲಗೆಯ ಮೇಲೆ ನೆರಳಿನಲ್ಲಿಡಿ.